ಲಂಗರದ ಗೂಡಿನ ನೀರು

ದೋಣಿಯ ಮೂತಿಗೆ ತೂತು ಕೊರೆಯಬೇಕು ಎಂದು ನಾನು ಹೇಳಿದ ದಿನ ನಮ್ಮ ಮಾವನವರು ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಹೋದರು. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು. ಉಣ್ಣುವುದನ್ನು ಬಿಟ್ಟು ಎದ್ದ ಹಿರಿಯರನ್ನು ಸೊಸೆಯಾದವಳು ಹಿಂದೆ ಹೋಗಿ, ತಪ್ಪಾತು ಅಂದು ಕರೆತರಬೇಕು. ನಾನು ಹೋಗಲಿಲ್ಲ. ರೊಟ್ಟಿಯನ್ನು ಎಮ್ಮೆಗೆ ಹಾಕಿ, ತಾಟು ತೊಳೆದು ಬೋರಲು ಹಾಕಿದೆ. ಸಿಟ್ಟು ಅವರೊಬ್ಬರಿಗೇ ಬರುತ್ತದೆಯೇ?

ನಮ್ಮದು ಅಂಬಿಗರ ಮನೆತನ. ನನ್ನ ಗಂಡನ ಊರು ಕೃಷ್ಣೆಯ ಅಥಣಿ ಕಡೆಯ ದಂಡೆಯಲ್ಲಿದೆ. ಆಗಿನ್ನೂ ಕಾಗವಾಡ ಬೇರೆ ತಾಲೂಕಾಗಿರಲಿಲ್ಲ. ಆಚೆ ದಂಡೆ ರಾಯಬಾಗ ತಾಲೂಕು, ಅಲ್ಲಿ ನನ್ನ ತವರು. ನಮ್ಮ ಘಾಟಿನಲ್ಲಿ ನಿಂತರೆ ತವರಿನ ಬೇವಿನ ಮರ, ಅದರ ಪಕ್ಕದ ಗೌಡರ ಮಹಡಿ ಮನೆ, ಬಟ್ಟೆ ಒಗೆಯುವ ಕಲ್ಲು ಎಲ್ಲ ಕಾಣುತ್ತಿದ್ದವು. ಬೀಗತನ ಮಾತಾಡುವಾಗ "ಕಣ್ಣೆದುರಿಗೇ ಇರತಾಳ, ಇನ್ನೇನ ಬೇಕ" ಅಂತ ಅವ್ವ ಖುಷಿಯಿಂದ ಹೂಂ ಅಂದಿದ್ದಳಂತೆ. ದೂರ ಕೊಟ್ಟ ಹೆಣ್ಣುಮಕ್ಕಳು ಒಂದು ದಿನ ಅತ್ತು ಮರೆಯುತ್ತಾರೆ. ನನಗೆ ಮರೆಯುವ ಅನುಕೂಲ ಇರಲಿಲ್ಲ. ಮುಂಜಾನೆ ಕೊಡ ಹಿಡಿದು ಹೊಳೆಗೆ ಹೋದರೆ ಆಚೆ ಅವ್ವ ಒಗೆಯುತ್ತಾ ಕಾಣುವಳು. ಅವಳು ಸೀರೆ ಕಲ್ಲಿಗೆ ಬಡಿಯುವುದು ಕಣ್ಣಿಗೆ ಮೊದಲು ಕಂಡು, ಸಪ್ಪಳ ಆಮೇಲೆ ಕೇಳುತ್ತಿತ್ತು. ಕೂಗಿದರೆ ಮಾತು ತಿಳಿಯುತ್ತಿರಲಿಲ್ಲ, ಕೈ ಎತ್ತಿದರೆ ಕಾಣುತ್ತಿತ್ತು. ಎಷ್ಟೋ ದಿನ ಕೊಡ ತುಂಬಿದ ಮೇಲೂ ನಾನು ಸುಮ್ಮನೆ ನಿಂತಿರುತ್ತಿದ್ದೆ, ಅವಳೂ ಒಗೆದ ಸೀರೆಯನ್ನೇ ಮತ್ತೆ ಒಗೆಯುತ್ತಿದ್ದಳು.

ನಡುವೆ ಇದ್ದದ್ದು ನಮ್ಮದೇ ದೋಣಿ. ಹಾಗಂತ ಮನಸ್ಸಾದಾಗ ಹತ್ತಿ ಹೋಗುವ ಹಾಗಿತ್ತೇ? ಅಂಬಿಗರ ಸೊಸೆ ದಿನಾ ತವರಿಗೆ ಓಡಿದರೆ ಮಂದಿ ಏನಂದಾರು ಎಂಬುದು ನಮ್ಮ ಅತ್ತೆಯ ಮಾತು. ಹಬ್ಬಕ್ಕೆ, ಕಾರ್ಯಕ್ಕೆ, ಅಣ್ಣ ಕರೆಯಲು ಬಂದರೆ ಮಾತ್ರ ಹೋಗುವುದು. ಅತ್ತೆ ತೀರಿಕೊಂಡ ಮೇಲೂ ಆ ಮಾತು ಮನೆಯಲ್ಲಿ ಹಾಗೇ ಉಳಿದಿತ್ತು.

ದೋಣಿ ಚಿಕ್ಕದು. ಹತ್ತಾರು ಮಂದಿ, ಒಂದೆರಡು ಆಡು, ಸಂತೆಯ ಗಂಟು, ಅಷ್ಟಕ್ಕೆ ಅದರ ಹೊಟ್ಟೆ ತುಂಬುತ್ತಿತ್ತು. ನಡುವೆ ಒಂದು ಗಳ ನೆಟ್ಟು ಮಾದರಪಾಟ ಬಟ್ಟೆಯ ಹಾಯಿ ಕಟ್ಟುತ್ತಿದ್ದರು. ನಮ್ಮೂರ ಹತ್ತಿರ ಹೊಳೆ ತಿರುವಿಕೊಂಡು ತೆಂಕಣಕ್ಕೆ ಹರಿಯುತ್ತದೆ, ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ. ಅಂದರೆ ತವರಿನಿಂದ ಗಂಡನ ಮನೆಗೆ ಬರುವಾಗ ಹಾಯಿ ಎತ್ತಿದರೆ ಸಾಕು, ಉಣ್ಣುವಷ್ಟರಲ್ಲಿ ಈಚೆ ದಂಡೆ. ಗಂಡನ ಮನೆಯಿಂದ ತವರಿಗೆ ಹೋಗಬೇಕೆಂದರೆ ಹಾಯಿ ಮಡಚಿಟ್ಟು, ದೋಣಿಯನ್ನು ದಂಡೆಗುಂಟ ಮೇಲಕ್ಕೆ ಎಳೆದೊಯ್ದು, ಹುಟ್ಟು ಹಾಕುತ್ತ ಸೆಳವಿಗೆ ಅಡ್ಡ ಹಾಯಬೇಕು. ಗಾಳಿಯೂ ಗಂಡನ ಮನೆಯವರ ಕಡೆಗೇ ಇತ್ತು ಅಂತ ನಾನು ನನ್ನ ಗಂಡನನ್ನು ಎಷ್ಟೋ ಸಲ ಚುಚ್ಚಿದ್ದೇನೆ. ಅವರು ಮಾತು ಕಡಿಮೆಯ ಮನುಷ್ಯ, ನಕ್ಕು ಬೀಡಿ ಹಚ್ಚುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ, ಯುಗಾದಿ ಮುಗಿದ ಮೇಲೆ, ನನ್ನ ಅಪ್ಪ ತೀರಿಕೊಂಡ. ಹೊಳೆ ಮೊಣಕಾಲಿಗೆ ಇಳಿದಿತ್ತು. ಸುದ್ದಿ ಬಂದ ಕೂಡಲೇ ದೋಣಿಯನ್ನೂ ಕಾಯದೆ ಹೊಳೆಯಲ್ಲಿ ನಡೆದುಕೊಂಡೇ ಹೋದೆ. ದಿನಕಾರ್ಯ ಮುಗಿಸಿ ಹೊರಟಾಗ ಅವ್ವ ಹೊಸ್ತಿಲ ತನಕ ಬಂದು, "ಪಂಚಮಿಗಿ ಬಾ ಯವ್ವಾ" ಅಂದಳು. ಅಷ್ಟೇ ಮಾತು. ಅದರ ಅರ್ಥ ನಮ್ಮ ಕಡೆಯವರಿಗೆ ಗೊತ್ತು. ನಮ್ಮಲ್ಲಿ ಮನೆಯ ಯಜಮಾನ ಹೋದ ಮೇಲೆ ಒಲೆಯ ಮೇಲೆ ಕರಿಯುವ ಕಡಾಯಿ ಇಡುವುದಿಲ್ಲ, ಅವನ ಹೆಂಡತಿ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಮುಂದೆ ಬರುವ ಹೆಣ್ಣುಮಕ್ಕಳ ಹಬ್ಬಕ್ಕೆ ಮಗಳು ಬಂದು ತಾಯಿಯ ತಲೆಗೆ ಎಣ್ಣೆ ಹಚ್ಚಿ ಎರೆಯಬೇಕು. ಆಗ ಆ ಮನೆಯ ಸೂತಕದ ನೆರಳು ಕಳೆಯಿತು, ಕಡಾಯಿ ಇಡಬಹುದು, ಹಬ್ಬ ಮಾಡಬಹುದು. ಸೊಸೆ ಹಚ್ಚಿದರೆ ನಡೆಯುವುದಿಲ್ಲ, ಓಣಿಯವರು ಹಚ್ಚಿದರೂ ನಡೆಯುವುದಿಲ್ಲ. ಅವ್ವನಿಗೆ ನಾನೊಬ್ಬಳೇ ಮಗಳು.

ಕಾರಹುಣ್ಣಿಮೆ ಎತ್ತುಗಳ ಹಬ್ಬ, ಅದು ಲೆಕ್ಕಕ್ಕಿಲ್ಲ. ಹೆಣ್ಣುಮಕ್ಕಳ ಹಬ್ಬವೆಂದರೆ ಪಂಚಮಿಯೇ. ಪಂಚಮಿ ಬರುವುದು ಶ್ರಾವಣದಲ್ಲಿ, ಹೊಳೆ ದಂಡೆ ಮೀರಿ ಕಬ್ಬಿನ ಗದ್ದೆಗೆ ನುಗ್ಗುವ ದಿನಗಳಲ್ಲಿ. ಬಸ್ಸು ಹೋಗುವ ಕೆಳಸೇತುವೆ ಆಷಾಢದಲ್ಲೇ ಮುಳುಗುತ್ತದೆ. ಉಗಾರಕ್ಕೆ ಹೋಗಿ ರೈಲು ಹಿಡಿದು ಕುಡಚಿಗೆ ಇಳಿಯಬಹುದಲ್ಲ ಅಂತ ಕೇಳುವವರು ನಮ್ಮೂರ ಹಳ್ಳ ನೋಡಿಲ್ಲ. ಹೊಳೆಯ ನೀರು ಹಿಂದಕ್ಕೆ ಒತ್ತಿ ಹಳ್ಳ ತುಂಬಿತೆಂದರೆ ಬಂಡಿಯೂ ದಾಟದು. ಆಚೆ ದಂಡೆಯಲ್ಲಿ ನನ್ನ ತವರಿನ ಸುತ್ತಲೂ ಅದೇ ಗತಿ. ನೀರು ನಮ್ಮ ಊರುಗಳನ್ನು ಹಾಗೆ ಬಂದು ಮುತ್ತಿದಾಗ ಉಳಿಯುವುದು ದೋಣಿ ಒಂದೇ.

ಆ ದೋಣಿಗೇ ಕುತ್ತು ಬಂತು. ಮೊದಲ ಕೆಂಪು ನೀರು ಬಂದ ವಾರ ಮಾವನವರು ಆಚೆಯಿಂದ ಬರುತ್ತಿದ್ದಾಗ ಗಾಳಿ ತಿರುಗಿ ದೋಣಿ ಘಾಟು ತಪ್ಪಿತು. ಘಾಟು ತಪ್ಪಿದರೆ ಲಂಗರ ಒಗೆಯುವುದು ರೂಢಿ. ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರ ನೆಲ ಹಿಡಿಯಿತು, ಆದರೆ ಹಗ್ಗ ತಡೆಯಲಿಲ್ಲ, ನಡುವಿಗೇ ಕಡಿಯಿತು. ದೋಣಿ ಸೆಳವಿಗೆ ಸಿಕ್ಕು ಬಹಳ ದೂರ ಕೊಚ್ಚಿಕೊಂಡು ಹೋಗಿ ಒಂದು ಮರಳು ದಿಬ್ಬಕ್ಕೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಆಡು ಹೋಯಿತು. ಆದರೆ ಮಾವನವರ ಮುಖದ ಕಳೆ ಹೋಗಿತ್ತು. ದೋಣಿ ಎಳೆದು ತಂದು ದಂಡೆಯ ಮೇಲೆ ಏರಿಸಿ, ಪಡಸಾಲೆಯಲ್ಲಿ ಕೂತು ಹೇಳಿದರು:

"ಈ ಮಳಿಗಾಲ ದೋಣಿ ಇಳಸೂದಿಲ್ಲ. ನೀರ ಇಳದ ಮ್ಯಾಲೆ ನೋಡೂಣು."

ಪಂಚಮಿಯ ವಿಷಯ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಮಂದಿಯ ಜೀವ ಕೈಯಲ್ಲಿ ಹಿಡಿದು ದುಡಿಯುವವರಿಗೆ ಬೇರೆ ದಾರಿ ಇಲ್ಲವೆಂದು ಈಗ ಒಪ್ಪುತ್ತೇನೆ. ಆಗ ಒಳಗೆ ಹೋಗಿ ಪಾತ್ರೆಗಳನ್ನೆಲ್ಲ ದಡಬಡ ಮಾಡಿದೆ.

ಮರುದಿನ ನನ್ನ ಗಂಡ ಕಡಿದ ಹಗ್ಗ ಹಿಡಿದು ಅಂಗಳದಲ್ಲಿ ಕೂತಿದ್ದರು. ಪುಂಡಿ ನಾರಿನ ಹಗ್ಗ, ಮನೆಯಲ್ಲೇ ಹೊಸೆದದ್ದು, ಹಳೆಯದೂ ಅಲ್ಲ. ಒಂದು ತುದಿ ಗಟ್ಟಿಯಾಗಿಯೇ ಇತ್ತು. ಕಡಿದ ಕಡೆ ಕಪ್ಪಾಗಿ, ಚಿವುಟಿದರೆ ಬೆರಳಿಗೆ ಬರುತ್ತಿತ್ತು. ನಾನು ಕೇಳಿದೆ:

"ಇದೊಂದ ಮಗ್ಗಲ ಯಾಕ ಕೊಳತೈತ್ರಿ?"

"ತಳದಾಗಿನ ಸುತ್ತು. ಗೂಡಿನ್ಯಾಗ ನೀರ ನಿಂದರತೈತಿ."

ಗೂಡು ಅಂದರೆ ದೋಣಿಯ ಮೂತಿಯಲ್ಲಿ, ಎರಡೂ ಕಡೆಯ ಹಲಗೆಗಳು ಬಂದು ಸೇರುವಲ್ಲಿ, ಅಡ್ಡಹಲಗೆ ಬಡಿದು ಮಾಡಿದ ಪೆಟ್ಟಿಗೆ. ಮೇಲೆ ಮುಚ್ಚಳ. ಲಂಗರ, ಅದರ ಹಗ್ಗ ಎರಡನ್ನೂ ನೀರಿನಿಂದ ಎತ್ತಿದ ಹಾಗೇ, ರಾಡಿ ಸಮೇತ ಅದರೊಳಗೆ ಹಾಕಿ ಮುಚ್ಚುತ್ತಿದ್ದರು. ನೀರು ಬಸಿದು ಹೋಗಲೆಂದು ಅಡ್ಡಹಲಗೆಯ ಬುಡದಲ್ಲಿ ಒಂದು ಸಣ್ಣ ತೂತು ಬಿಟ್ಟಿದ್ದರು. ಆ ನೀರು ದೋಣಿಯ ಹೊಟ್ಟೆಗೇ ಇಳಿಯುತ್ತಿತ್ತು, ಅಲ್ಲಿಂದ ಡಬ್ಬಿಯಲ್ಲಿ ಮೊಗೆದು ಚೆಲ್ಲಬೇಕು. ಅದಾದರೂ ಇಳಿದಿದ್ದರೆ ಸರಿ. ಇಳಿಯುತ್ತಿರಲಿಲ್ಲ.

ಯಾಕೆಂದರೆ ಆ ಗೂಡು ಗಂಗವ್ವನ ಗುಡಿಯೂ ಆಗಿತ್ತು. ನಮ್ಮ ಘಾಟಿನಲ್ಲಿ ಮೊದಲ ಸಲ ಹೊಳೆ ದಾಟುವ ಮದುಮಗಳು ದೋಣಿಗೆ ಉಡಿ ತುಂಬಬೇಕು. ಅಕ್ಕಿ, ಅರಿಷಿಣದ ಬೇರು, ಬೆಟ್ಟಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ಗೂಡಿನ ಮುಚ್ಚಳ ತೆಗೆದು ಲಂಗರದ ಮೇಲೇ ಸುರಿದು ಕೈಮುಗಿಯುತ್ತಿದ್ದರು. ನಾನೂ ಸುರಿದವಳೇ. ಬಸುರಿಯರು ಹೂ ಹಾಕುವರು, ಹೈನದವರು ಬೆಣ್ಣೆ ಹಚ್ಚುವರು. ಗಂಗವ್ವನಿಗೆ ಕೊಟ್ಟದ್ದನ್ನು ಮನುಷ್ಯರು ಕೈಹಾಕಿ ತೆಗೆಯಬಾರದು ಎಂದು ಮಾವನವರ ಕಟ್ಟಪ್ಪಣೆ. ಹೀಗಾಗಿ ಆ ಗೂಡನ್ನು ಯಾರೂ ಬಳಿದು ತೊಳೆದಿರಲಿಲ್ಲ. ಲಗ್ನದ ದಿನಗಳು ಮುಗಿದು ಮಳೆಗಾಲ ಬರುವಷ್ಟರಲ್ಲಿ ಅಕ್ಕಿ ಉಬ್ಬಿ, ಹೂ ಕೊಳೆತು, ರಾಡಿಯೊಂದಿಗೆ ಸೇರಿ ತೂತಿಗೆ ಬೆಣೆ ಬಡಿದ ಹಾಗೆ ಕೂತಿರುತ್ತಿತ್ತು. ಹಗ್ಗ ಅದರಲ್ಲಿ ನೆನೆಯುತ್ತಿತ್ತು. ನಾವೇ ಭಕ್ತಿಯಿಂದ ಹಗ್ಗ ಕೊಳೆಸಿ, ಅದೇ ಹಗ್ಗ ಕಾಪಾಡಲಿ ಅಂತ ಕೈಮುಗಿಯುತ್ತಿದ್ದೆವು.

ಈ ದೋಣಿಯ ಮೇಲೆ ನನಗೆ ವಿಶೇಷ ಮಮತೆ ಇತ್ತೆಂದು ಯಾರೂ ತಿಳಿಯಬಾರದು. ನನಗೆ ಬೇಕಾದದ್ದು ಅವ್ವನ ತಲೆ. ಮುಂಜಾನೆ ಹೊಳೆಗೆ ಹೋದರೆ ಅವಳು ಆಚೆ ದಂಡೆಯಲ್ಲಿ ನೀಲಿ ಸೀರೆಯ ಚುಕ್ಕೆಯಾಗಿದ್ದಳು, ನೀರು ಏರಿದಂತೆಲ್ಲ ಚುಕ್ಕೆ ಇನ್ನೂ ಹಿಂದಕ್ಕೆ ಹೋಗುತ್ತಿತ್ತು. ಅವಳ ಕೂದಲು ಮೊದಲೇ ಒರಟು, ಎರಡು ದಿನ ಎಣ್ಣೆ ಇಲ್ಲದಿದ್ದರೆ ತಲೆ ನೋಯುತ್ತದೆ ಅನ್ನುವವಳು. ಅದನ್ನು ನೆನೆದರೆ ನನ್ನ ಬೆರಳುಗಳೇ ಚಡಪಡಿಸುತ್ತಿದ್ದವು. ಹಾಗಾಗಿ ನಾನು ಗೂಡಿನ ಬಗ್ಗೆ ಯೋಚಿಸತೊಡಗಿದೆ. ಬಚ್ಚಲಿನ ನೀರು ಬಚ್ಚಲಿನಲ್ಲೇ ನಿಂತರೆ ನಾವೇನು ಮಾಡುತ್ತೇವೆ? ಗೋಡೆಗೆ ತೂತು ಮಾಡಿ ಹೊರಗೆ ಬಿಡುತ್ತೇವೆ. ದೋಣಿಗೂ ಅದನ್ನೇ ಮಾಡಿದರೇನು? ಈ ಮಾತಿಗೇ ಮಾವನವರು ಉಣ್ಣುವುದನ್ನು ಬಿಟ್ಟು ಎದ್ದದ್ದು.

ಸಂಜೆ ಅವರು ತಿರುಗಿ ಬಂದಾಗ ಸಿಟ್ಟು ಇಳಿದಿತ್ತು, ದನಿ ಇಳಿದಿರಲಿಲ್ಲ.

"ದೋಣಿಗಿ ಬೇಕಂತ ತೂತ ಹೊಡದವರನ್ನ ನಾ ಇನ್ನತನ ನೋಡಿಲ್ಲ ಬೇ. ನಮ್ಮಪ್ಪ ಜೀವಮಾನೆಲ್ಲಾ ತೂತ ಮುಚ್ಚಿ ಸತ್ತ. ನೀ ತೂತ ತಗಿ ಅಂತಿ!"

"ನೀರಿನ ಮ್ಯಾಲಿನ ಮಗ್ಗಲ ತಗೀರಿ ಅಂತೀನ್ರಿ ಮಾವಾರ. ಒಳಗಿನ ನೀರ ಹೊರಗ ಹೋಗತೈತಿ, ಹೊರಗಿನದು ಬರೂದಿಲ್ಲ."

"ತೆರಿ ಹೊಡದ್ರ?"

"ಹೊರಗ ಟ್ಯೂಬಿನ ತುಂಡ ಬಡೀರಿ. ಒಳಗಿಂದ ನೀರ ದೂಡಿದ್ರ ತೆರೀತೈತಿ, ಹೊರಗಿಂದ ಬಡದ್ರ ಮುಚ್ಚಕೋತೈತಿ."

ಇದನ್ನು ಹೇಳಿಕೊಟ್ಟವರು ನನ್ನ ಗಂಡ. ಅಪ್ಪನ ಎದುರು ಹೇಳುವ ಧೈರ್ಯ ಅವರಿಗಿರಲಿಲ್ಲ, ನನಗಿತ್ತು. ಮಾವನವರು ತಲೆ ಅಲ್ಲಾಡಿಸಿದರು. ಅವರಿಗೆ ತೂತಿನ ಚಿಂತೆಗಿಂತ ಬೇರೆ ಚಿಂತೆ ಇತ್ತು. ಗೂಡು ಕೆದರಬೇಕಾಗುತ್ತದೆ, ಗಂಗವ್ವನ ಉಡಿಗೆ ಕೈಹಾಕಬೇಕಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ನನಗೆ ಮಾತು ಸಿಕ್ಕಿತು.

"ಮಾವಾರ, ಉಡಿ ಯಾರಿಗಿ ತುಂಬೀವ್ರಿ? ಗಂಗವ್ವಗ. ಗಂಗವ್ವ ಎಲ್ಲಿ ಅದಾಳ? ಹೊಳ್ಯಾಗ. ಗೂಡಿನ್ಯಾಗ ಕೊಳತ ಬಿದ್ದಿದ್ದು ಆಕಿಗಿ ಹೆಂಗ ಮುಟ್ಟತೈತ್ರಿ? ಹೊರಗ ತೂತ ಇತ್ತಂದ್ರ ಹಾಕಿದ್ದೆಲ್ಲಾ ಸೀದಾ ಆಕಿ ಮಡಲಿಗೇ ಹೋಗತೈತಿ. ಇಷ್ಟ ವರ್ಷ ಆಕಿಗಿ ಒಂದ ಕಾಳೂ ಮುಟ್ಟಿಲ್ಲ ನೋಡ್ರಿ."

ಅವರು ಚಂಚಿ ಬಿಚ್ಚಿದರು. ತಂಬಾಕು ತಿಕ್ಕಿದರು, ಬಾಯಿಗೆ ಹಾಕಿಕೊಂಡರು. ನಿಪ್ಪಾಣಿಯ ತಂಬಾಕು ಬಾಯಲ್ಲಿದ್ದಾಗ ಅವರು ಯಾವ ಮಾತಿಗೂ ಇಲ್ಲ ಅನ್ನುತ್ತಿರಲಿಲ್ಲ, ಬಾಯಿ ತೆರೆಯಬೇಕಲ್ಲ. ಎದ್ದು ಹೋಗುವಾಗ ಹೊರಗೆ ಉಗುಳಿ, "ಉತ್ತತ್ತಿ ಹಾಯಬೇಕ ಹಂಗರ. ಸಣ್ಣ ತೂತ ನಡಿಯೂದಿಲ್ಲ" ಅಂದರು.

ಹೀಗೆ ನಮ್ಮ ತೂತಿನ ಅಳತೆ ಗೊತ್ತಾಯಿತು. ಯಾವ ಬಡಿಗನೂ ಕೊಡದ ಅಳತೆ. ಉಡಿಯ ಸಾಮಾನಿನಲ್ಲಿ ಎಲ್ಲಕ್ಕಿಂತ ಉದ್ದ ಉತ್ತತ್ತಿ, ಅದು ಅಡ್ಡವಾಗಿ ಬಿದ್ದರೂ ಸಿಕ್ಕಿಕೊಳ್ಳಬಾರದು. ಕೊಬ್ಬರಿ ಬಟ್ಟಲನ್ನು ಇನ್ನು ಮುಂದೆ ಚೂರು ಮಾಡಿ ಹಾಕುವುದೆಂದು ಅವರೇ ತೀರ್ಮಾನ ಮಾಡಿದರು.

ಗೂಡು ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಹೆಂಗಸರು ದೋಣಿಯ ಮೂತಿಗೆ ಕಾಲಿಡಬಾರದೆಂಬ ನಿಯಮ ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ನಾನು ಒಳಗಿಳಿದು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ವಾಸನೆಯ ಬಗ್ಗೆ ಏನೂ ಬರೆಯುವುದಿಲ್ಲ. ಸೌಟಿನಿಂದ ಬಳಿದು ಬುಟ್ಟಿಗೆ ಹಾಕುವುದು, ಮಾವನವರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಒಯ್ದು, ಕೈಮುಗಿದು ಬಿಡುವುದು. ಎಷ್ಟು ಮದುವಣಗಿತ್ತಿಯರ ಅಕ್ಕಿ ಅದು! ತಳದಲ್ಲಿ ಒಂದು ಹಸಿರು ಬಳೆ ಸಿಕ್ಕಿತು, ಒಡೆಯದೆ ಇತ್ತು. ಯಾರೋ ಉಡಿ ಸುರಿಯುವಾಗ ಕೈಯಿಂದ ಜಾರಿರಬೇಕು. ತವರು ಬಿಟ್ಟು ಬರುವ ದಿನ ಕೈ ನಡುಗುವುದು ನನಗೊಬ್ಬಳಿಗೇ ಅಲ್ಲ ಅಂತ ಅನ್ನಿಸಿ, ಆ ಕೊಳಕಿನ ನಡುವೆ ಕೂತು ಅತ್ತೆ. ಮಾವನವರು ವಾಸನೆಗೆ ಕಣ್ಣು ಉರಿಯುತ್ತಿದೆ ಅಂದುಕೊಂಡು ನೀರು ತಂದುಕೊಟ್ಟರು.

ಆಮೇಲಿನದು ನನ್ನ ಗಂಡನ ಕೆಲಸ. ಒಳಗಿನ ಹಳೇ ತೂತಿಗೆ ಗೂಟ ಹೊಡೆದು ಡಾಂಬರು ತುಂಬಿದರು, ದೋಣಿಯ ಹೊಟ್ಟೆಗೆ ಇನ್ನು ಒಂದು ಹನಿಯೂ ಇಳಿಯದ ಹಾಗೆ. ಗೂಡಿನ ತಳದ ಮೇಲೆ ಇನ್ನೊಂದು ಹಲಗೆಯನ್ನು ಎರಡೂ ಬದಿಗೆ ಇಳಿಜಾರು ಮಾಡಿ ಕೂರಿಸಿ, ಸಂದುಗಳಿಗೆ ಎಣ್ಣೆಯಲ್ಲಿ ಕಲಸಿದ ರಾಳ ಮತ್ತು ನಾರು ತುರುಕಿದರು. ಅದರ ಮೇಲೆ ಬೆರಳು ಸಂದು ಬಿಟ್ಟು ಜಾಲಿಯ ಪಟ್ಟಿಗಳನ್ನು ಬಡಿದರು. ಹಗ್ಗ ಪಟ್ಟಿಗಳ ಮೇಲೆ ಕೂರುತ್ತದೆ, ನೀರು ಕೆಳಗೆ ಬಸಿಯುತ್ತದೆ. ಕಡೆಗೆ ಬೈರಿಗೆ ಹಿಡಿದು ಮೂತಿಯ ಎಡಕ್ಕೊಂದು ಬಲಕ್ಕೊಂದು ತೂತು. ಮೊದಲ ತೂತು ಬೀಳುವಾಗ ಮಾವನವರು ಅಲ್ಲಿ ನಿಲ್ಲಲಾರದೆ ನಮ್ಮ ದಂಡೆಯ ಜಾಲಿ ಮರದ ಹಿಂದೆ ಹೋಗಿ ನಿಂತರು. ಕಬ್ಬಿಗೆ ನೀರೆತ್ತುವ ಇಂಜಿನ್ನಿನ ಹಳೇ ಪೈಪು ಯಾರದೋ ಹೊಲದಲ್ಲಿ ಬಿದ್ದಿತ್ತು, ಅದನ್ನು ಕೇಳಿ ತಂದು, ತುಂಡರಿಸಿ ತೂತಿಗೆ ತೊಡಿಸಿದರು. ಹೊರಗೆ ಟ್ರ್ಯಾಕ್ಟರ್ ಟ್ಯೂಬಿನ ತುಂಡನ್ನು ಮೇಲಂಚಿಗೆ ಮಾತ್ರ ಮೊಳೆ ಹೊಡೆದು ಇಳಿಬಿಟ್ಟರು. ನಾನು ಹೊಸ ಹಗ್ಗಕ್ಕೆ ಓಣಿಯೆಲ್ಲ ತಿರುಗಿ ಪುಂಡಿ ನಾರು ಕೂಡಿಸಿದೆ, ಇಬ್ಬರೂ ಕೂತು ಹೊಸೆದೆವು. ಹಳೇ ಲಂಗರ ಹೊಳೆಯ ತಳದಲ್ಲೇ ಉಳಿದಿತ್ತು, ಕಮ್ಮಾರನಿಂದ ಹೊಸದು ಮಾಡಿಸಿ ತಂದರು.

ಕೊಡದಿಂದ ಗೂಡಿಗೆ ನೀರು ಸುರಿದು ನೋಡಿದಾಗ ಎರಡೂ ಕಡೆ ಟ್ಯೂಬಿನ ತುಟಿ ತೆರೆದು ನೀರು ಹೊರಗೆ ಹಾರಿತು. ಮಾವನವರು ಒಂದು ಉತ್ತತ್ತಿ ಹಾಕಿ ಇನ್ನೊಂದು ಕೊಡ ಸುರಿದರು. ಉತ್ತತ್ತಿ ಎಡಗಡೆಯಿಂದ ಹೊರಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು ಹೊಳೆಗೆ ಎಸೆದು, ನನ್ನ ಕಡೆ ನೋಡದೆ, "ಹಬ್ಬಕ್ಕ ಹೊಂದಸ್ಕೊ" ಅಂದರು.

ನನ್ನ ಜೀವನದಲ್ಲಿ ಅಂಥ ಸಂತೋಷದ ಮಾತನ್ನು ಯಾರೂ ನನಗೆ ಹೇಳಿಲ್ಲ. ಔಡಲೆಣ್ಣೆಗೆ ಮೆಂತ್ಯ, ಕರಿಬೇವು ಹಾಕಿ ಕಾಯಿಸಿ ಸೀಸೆಗೆ ತುಂಬಿದೆ. ಅವ್ವನಿಗೆ ಆ ವಾಸನೆ ಸೇರುತ್ತಿತ್ತು.

ತೊಂಬತ್ತರ ದಶಕದಲ್ಲಿ ಮೇಲುಗಡೆ ಎತ್ತರದ ಸೇತುವೆ ಬಂತು. ನೈಲಾನ್ ಹಗ್ಗ ಬಂತು, ಅದಕ್ಕೆ ನೀರಿನ ಭಯವೇ ಇಲ್ಲ. ಸೇತುವೆ ಆದ ವರ್ಷ ದೋಣಿಯನ್ನು ದಂಡೆಗೆ ಎಳೆದವರು ಮತ್ತೆ ಇಳಿಸಲಿಲ್ಲ. ಈಗ ಟಂಟಂ ಗಾಡಿಯಲ್ಲಿ ಕೂತರೆ ತವರಿಗೆ ಹೋಗಲು ಎಷ್ಟು ಹೊತ್ತು? ಹೋಗಿ ಏನು ಮಾಡಲಿ? ಅಣ್ಣ ವೈನಿ ಚೆನ್ನಾಗಿಯೇ ನೋಡುತ್ತಾರೆ, ಉಣ್ಣಿಸುತ್ತಾರೆ, ಕುಬಸದ ಬಟ್ಟೆ ಕೊಡುತ್ತಾರೆ. ಅವ್ವನಿಲ್ಲದ ಮನೆಯಲ್ಲಿ ನಾನು ಸಂಜೆಯ ತನಕವೂ ಇರಲಾರೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ನಮ್ಮ ಹಳೇ ಘಾಟು ಕಾಣುತ್ತದೆ, ನಾನು ಆ ಕಡೆಯ ಸೀಟನ್ನೇ ಹಿಡಿಯುತ್ತೇನೆ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ, ಬರೀ ನೀರು ಮತ್ತು ಮುಳುಗಿದ ಜಾಲಿ ಗಿಡಗಳು.

ಆ ವರ್ಷ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಮುಂಜಾನೆ ಹೊರಟೆವು. ಪಂಚಮಿಯ ಮುಖ್ಯ ದಿನಗಳಿಗೆ ಇನ್ನೂ ಸಮಯವಿತ್ತು. ಎಣ್ಣೆ ಹಚ್ಚಿ ಎರೆದರೆ ಅವ್ವ ಕಡಾಯಿ ಇಟ್ಟು ಕರ್ಚಿಕಾಯಿ ಕರಿಯಲು ಹೊತ್ತು ಸಿಗುತ್ತಿತ್ತು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಚುಕ್ಕಾಣಿಗೆ ಮಾವನವರು, ಲಂಗರಕ್ಕೆ ನನ್ನ ಗಂಡ, ಹುಟ್ಟು ಹಾಕಲು ಓಣಿಯ ಇಬ್ಬರು ಗಟ್ಟಿಗರು. ನಾನು ಎಣ್ಣೆಯ ಸೀಸೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಗೂಡಿನ ಹಿಂದೆ ಕೂತೆ. ದೋಣಿಯನ್ನು ದಂಡೆಗುಂಟ ಮೇಲಕ್ಕೆ, ಕಬ್ಬಿನ ಸಾಲು ಮುಗಿಯುವ ತನಕ ಎಳೆದೊಯ್ದು, ಅಲ್ಲಿಂದ ಅಡ್ಡ ಬಿಟ್ಟರು.

ನಡುಹೊಳೆ ದಾಟುವ ತನಕ ಎಲ್ಲ ಸರಿಯಾಗಿತ್ತು. ತವರಿನ ಬೇವಿನ ಮರ ದೊಡ್ಡದಾಗುತ್ತ ಬಂತು. ನೀಲಿ ಸೀರೆಗೆ ಕೈ ಮೂಡಿದವು, ಮುಖ ಮೂಡಿತು. ಆಗ ಎದುರುಗಾಳಿಯ ಒಂದು ದೊಡ್ಡ ಹೊಡೆತ ಬಂದು ದೋಣಿಯ ಮೂತಿ ತಿರುಗಿತು. ಹುಟ್ಟು ಹಾಕುವವರು ಹಲ್ಲು ಕಚ್ಚಿ ಎಳೆದರೂ ನಾವು ಘಾಟಿನ ಕೆಳಗೆ ಜಾರುತ್ತಿದ್ದೆವು. ದಂಡೆ ಹತ್ತಿರವೇ ಇತ್ತು, ಆದರೆ ನಡುವೆ ಮುಳುಗಿದ ಜಾಲಿ ಗಿಡಗಳು, ಅವುಗಳ ಸುತ್ತ ಸುಳಿ. ಅದರೊಳಗೆ ದೋಣಿ ಸಿಕ್ಕರೆ ಮಗುಚುವುದೇ. ಮಾವನವರು ಕೂಗಿದರು:

"ಒಗಿ!"

ನನ್ನ ಗಂಡ ಲಂಗರ ಒಗೆದರು. ಹಗ್ಗ ಸರಸರ ಹೋಗಿ ಬಿಗಿಯಿತು. ದೋಣಿ ಒಮ್ಮೆ ನಡುಗಿ ನಿಂತಿತು. ಎಲ್ಲರ ಕಣ್ಣೂ ಹಗ್ಗದ ಮೇಲೆ. ಅದು ತಡೆಯಿತು.

ಸೆಳವು ಮೂತಿಗೆ ಬಡಿದು ನೀರು ಗೂಡಿನೊಳಗೆ ನುಗ್ಗುತ್ತಿತ್ತು, ನುಗ್ಗಿದಷ್ಟೂ ಎರಡೂ ತೂತಿನಿಂದ ಹೊರಗೆ ಹೋಗುತ್ತಿತ್ತು. ಮೂತಿ ತಗ್ಗಲಿಲ್ಲ. ಮಾವನವರು ಅದನ್ನು ನೋಡಿದರು, ದಂಡೆಯನ್ನು ನೋಡಿದರು, ನನ್ನನ್ನು ನೋಡಿ ಮೆತ್ತಗೆ ಅಂದರು:

"ಇನ್ನ ಮುಂದ ಹೋಗೂದ ಆಗೂದಿಲ್ಲ ಯವ್ವಾ. ತಿರಗಬೇಕ. ಸ್ವಲ್ಪೊತ್ತ ಹಿಡದ ನಿಂದರತೀನಿ, ಮಾತಾಡ್ಕೊ."

ಅವ್ವ ದಂಡೆಗುಂಟ ಓಡಿ ಬಂದು ನಮ್ಮ ಎದುರಿಗೆ, ನೀರಿನ ಅಂಚಿಗೆ ನಿಂತಿದ್ದಳು. ಹಿಂದೆ ಅಣ್ಣ ಅವಳ ಸೆರಗು ಹಿಡಿದಿದ್ದ. ಅವಳ ಕೂದಲು ಗಾಳಿಗೆ ಎದ್ದು ನಿಂತಿತ್ತು, ಒಣಗಿ ಕೆಂಚಾಗಿತ್ತು. ಅಷ್ಟು ತಿಂಗಳಾದ ಮೇಲೆ ಅವಳ ಮುಖ ಕಂಡದ್ದು. ನಾನು ಸೀಸೆಯನ್ನು ಎತ್ತಿ ತೋರಿಸಿದೆ.

"ಅರಾಮ ಅದೀಯೇನ?" ಅಂತ ಕೂಗಿದಳು.

"ಅರಾಮ ಅದೀನಿ. ನೀ?"

"ನಂದೇನ. ಉಂಡ ಬಂದೀಯೋ ಇಲ್ಲೋ?"

"ಅವ್ವಾ, ಬರಾಕ ಆಗೂದಿಲ್ಲಂತ. ತಿರಗತಾರಂತ." ಹೇಳುತ್ತ ನಾನು ಅಳುತ್ತಿದ್ದೆ. "ವೈನಿ ಕಡಿಂದರ ಹಚ್ಚಿಸ್ಕೊ. ಹಿಂಗ ಇರಬ್ಯಾಡ."

ಅವ್ವ ಇಲ್ಲ ಅಂತ ಕೈ ಆಡಿಸಿದಳು. ಸ್ವಲ್ಪ ಹೊತ್ತು ದೋಣಿಯನ್ನು, ಬಿಗಿದ ಹಗ್ಗವನ್ನು, ನನ್ನ ಕೈಯ ಸೀಸೆಯನ್ನು ನೋಡಿದಳು. ಆಮೇಲೆ ತುರುಬು ಬಿಚ್ಚಿ ಕೂದಲನ್ನು ಮುಂದಕ್ಕೆ ಹಾಕಿಕೊಂಡಳು.

"ಸೀಸೆ ತಗಿ" ಅಂದಳು. "ನಿನ್ನ ತಲಿ ನಂದ. ನಿನ್ನ ತಲೀಗಿ ಹಚ್ಕೊ. ನಾ ಇಲ್ಲಿ ಸವರ್ಕೋತೀನಿ."

ನಾನು ಸೀಸೆ ತೆಗೆದು ಅಂಗೈಗೆ ಸುರಿದುಕೊಂಡೆ. ದೋಣಿ ಓಲಾಡಿ ಅರ್ಧ ಎಣ್ಣೆ ಮಡಿಲಿಗೆ ಚೆಲ್ಲಿತು. ಉಳಿದದ್ದನ್ನು ನೆತ್ತಿಗೆ ಒತ್ತಿದೆ. ಅಲ್ಲಿ ಅವ್ವ ಬರಿಗೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟಳು. ನಾನು ಕಿವಿಯ ಹಿಂದೆ ಸವರಿದರೆ ಅವಳೂ ಕಿವಿಯ ಹಿಂದೆ ಸವರಿದಳು. ನಾನು ಜಡೆಯ ಬುಡಕ್ಕೆ ತಿಕ್ಕಿದರೆ ಅವಳೂ ತಿಕ್ಕಿದಳು, ಕಣ್ಣು ಮುಚ್ಚಿಕೊಂಡು, ಚಿಕ್ಕಂದಿನಲ್ಲಿ ನನ್ನ ತಲೆಗೆ ಅವಳು ಹಚ್ಚುವಾಗ ನಾನು ಮುಚ್ಚಿಕೊಳ್ಳುತ್ತಿದ್ದ ಹಾಗೆ. ದೋಣಿಯಲ್ಲಿದ್ದ ಗಂಡಸರು ಯಾರೂ ನಮ್ಮ ಕಡೆ ನೋಡಲಿಲ್ಲ. ಕೈಯಲ್ಲಿ ಎಣ್ಣೆ ತೀರುವ ತನಕ ನಾನು ಬಿಡಲಿಲ್ಲ.

ಅವ್ವ ಕಣ್ಣು ತೆರೆದು ಕೂದಲನ್ನು ಹಿಂದಕ್ಕೆ ಹಾಕಿ ಗಂಟು ಕಟ್ಟಿದಳು. ಅಂಗೈಗಳನ್ನು ಮೂಸಿ ನೋಡಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಾವನವರಿಗೆ ಕೂಗಿ ಹೇಳಿದಳು:

"ಬೀಗರ, ಲಂಗರ ಎತ್ತರಿ. ಮನ್ಯಾಗ ಕಡಾಯಿ ಇಡಬೇಕ."